ಲೆಕ್ಕದ ಪುಸ್ತಕದಲ್ಲಿ ಬರೆದವರು ಯಾರು?

ನಾಲ್ಕೇ ನಾಲ್ಕು ಪ್ರಶ್ನೆ. ಅವೂ ಅಂಥ ಕಷ್ಟದವೇನಲ್ಲ. ಉತ್ತರಿಸಿದರೆ ನಿಮ್ಮ ಬುದ್ಧಿಮತ್ತೆಯ ಅಂಕ ಎಷ್ಟೆಂದು ತಿಳಿಸುತ್ತೇವೆ, ಮೇಲಾಗಿ ಆಟಕ್ಕೆ ಬೇಕಾದ ನಾಣ್ಯಗಳನ್ನೂ ಕೊಡುತ್ತೇವೆ ಎಂದು ಕಂಪ್ಯೂಟರಿನ ಪರದೆ ಆಸೆ ತೋರಿಸುತ್ತದೆ. ಯಾವ ಮಗು ತಾನೇ ಬೇಡವೆಂದೀತು?

ಇದು 2009ರ ಮಾತು. ಅಮೆರಿಕದಲ್ಲಿ ‘ಫಾರ್ಮ್‌ವಿಲ್’ ಎಂಬ ಆಟದ ಹುಚ್ಚು ಹಿಡಿದಿದ್ದ ವರ್ಷ ಅದು. ಫೇಸ್‌ಬುಕ್ಕಿನಲ್ಲಿ ಕುಳಿತಲ್ಲೇ ಹೊಲ ಉಳುವುದು, ಬಿತ್ತುವುದು, ಕೊಯ್ಯುವುದು. ನಿಜವಾದ ಹೊಲದ ಕಡೆ ತಲೆ ಹಾಕದವರೂ ಪರದೆಯ ಬೆಳೆ ಒಣಗೀತೆಂದು ಹೊತ್ತಲ್ಲದ ಹೊತ್ತಿನಲ್ಲಿ ಎದ್ದು ಕೂರುತ್ತಿದ್ದರಂತೆ. ಆಟದಲ್ಲಿ ಬೇಗ ಮುಂದೆ ಬರಬೇಕಾದರೆ ಆಟದ ನಾಣ್ಯ ಬೇಕು. ಅದನ್ನು ಹಣ ಕೊಟ್ಟು ಕೊಳ್ಳಬಹುದು. ಹಣವಿಲ್ಲದವರು ಅಲ್ಲೇ ಪಕ್ಕದಲ್ಲಿದ್ದ ಜಾಹೀರಾತಿನ ಬಾಗಿಲು ತಟ್ಟಬಹುದು. ಕೈಯಲ್ಲಿ ಹಣವಿಲ್ಲದವರು ಎಂದರೆ ಮುಖ್ಯವಾಗಿ ಮಕ್ಕಳು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ನಾಲ್ಕು ಪ್ರಶ್ನೆಗಳ ಪರೀಕ್ಷೆ ಇದ್ದದ್ದು ಆ ಬಾಗಿಲಿನ ಹಿಂದೆ. ಕೊನೆಯ ಪ್ರಶ್ನೆ ಮುಗಿದರೂ ಅಂಕ ಕಾಣಿಸುವುದಿಲ್ಲ. ‘ಫಲಿತಾಂಶವನ್ನು ಮೊಬೈಲಿಗೆ ಕಳಿಸುತ್ತೇವೆ, ನಂಬರು ಕೊಡಿ’ ಎಂಬ ಕೋರಿಕೆ ಬರುತ್ತದೆ. ನಂಬರು ಕೊಟ್ಟರೆ ಮೊಬೈಲಿಗೆ ಒಂದು ಪಿನ್ ಸಂಖ್ಯೆ ಬರುತ್ತದೆ. ಅದನ್ನು ಪರದೆಯಲ್ಲಿ ತುಂಬಿದರೆ ಮುಗಿಯಿತು; ಆ ಮನೆಯ ಫೋನ್ ಬಿಲ್ಲಿಗೆ ತಿಂಗಳಿಗೆ 9.99 ಡಾಲರಿನ ಚಂದಾ ಅಂಟಿಕೊಂಡಿತು. ಆಗಿನ ದರದಲ್ಲಿ ಸುಮಾರು 460 ರೂಪಾಯಿ. ಪ್ರಶ್ನೆಗಳಿಗೆ ಕೊಟ್ಟ ಉತ್ತರ ಸರಿಯೋ ತಪ್ಪೋ ಯಾರಿಗೂ ಬೇಕಾಗಿರಲಿಲ್ಲ. ಬೇಕಾಗಿದ್ದದ್ದು ಆ ಪಿನ್ ಒಂದೇ. ಹೆಬ್ಬೆಟ್ಟು ಒತ್ತಿಸಿಕೊಂಡು ಸಾಲದ ಪತ್ರ ಬರೆಸಿಕೊಳ್ಳುತ್ತಿದ್ದ ಹಳೆಯ ಕಾಲದ ಸಾಹುಕಾರರಾದರೂ ಎದುರಿಗಿದ್ದವನ ವಯಸ್ಸು ನೋಡುತ್ತಿದ್ದರು.

ಈ ವಹಿವಾಟನ್ನು ಬಿಡಿಸಿ ಬರೆದವರು ‘ಟೆಕ್‌ಕ್ರಂಚ್’ನ ಮೈಕೆಲ್ ಆರಿಂಗ್ಟನ್. 2009ರ ಅಕ್ಟೋಬರ್ 31ರಂದು ಪ್ರಕಟವಾದ ಅವರ ಬರಹ ದೊಡ್ಡ ಗದ್ದಲ ಎಬ್ಬಿಸಿತು. ಫಾರ್ಮ್‌ವಿಲ್ ನಡೆಸುತ್ತಿದ್ದ ಜಿಂಗಾ ಕಂಪನಿ ನವೆಂಬರಿನಲ್ಲಿ ಅಂಥ ಕೊಡುಗೆಗಳನ್ನು ತೆಗೆದುಹಾಕಿತು. ಅದೇ ತಿಂಗಳು ಪ್ರಕರಣ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಆದರೆ ಉಪಾಯ ಮಾತ್ರ ಸಾಯಲಿಲ್ಲ. ಒಂದು ಕಡೆ ಬಾಗಿಲು ಮುಚ್ಚಿದರೆ ಇನ್ನೊಂದು ಕಡೆ ಕಿಟಕಿ ತೆರೆದುಕೊಂಡಿತು. ಕಾರಣ ತಿಳಿಯಬೇಕಾದರೆ ಫೋನ್ ನಂಬರು ಎಂದರೇನು ಎಂಬಲ್ಲಿಂದಲೇ ತೊಡಗಬೇಕು.

ಕರ್ನಾಟಕದ ಅನೇಕ ಊರುಗಳಲ್ಲಿ ದಿನಸಿ ಅಂಗಡಿಯ ಲೆಕ್ಕದ ಪುಸ್ತಕ ಇನ್ನೂ ಪೂರ್ತಿ ಮಾಯವಾಗಿಲ್ಲ. ಮಗುವನ್ನು ಅಂಗಡಿಗೆ ಕಳಿಸಿದರೆ ಅರ್ಧ ಕಿಲೋ ಸಕ್ಕರೆ, ಒಂದು ಬೆಂಕಿಪೊಟ್ಟಣ ತೆಗೆದುಕೊಂಡು ‘ಲೆಕ್ಕಕ್ಕೆ ಬರ್ಕೊಳ್ಳಿ’ ಎಂದು ಹೇಳಿ ಬರುತ್ತದೆ. ಅದೇ ಮಗು ಸತತವಾಗಿ ನಾಲ್ಕು ದಿನ ಚಾಕಲೇಟು ಕೇಳಿದರೆ ಅಂಗಡಿಯವರು ಸುಮ್ಮನಿರುವುದಿಲ್ಲ. ‘ಅಪ್ಪಂಗೆ ಗೊತ್ತೇನೋ ಇದು?’ ಎಂದು ತಡೆಯುತ್ತಾರೆ. ತಿಂಗಳ ಕೊನೆಗೆ ಅಪ್ಪನೋ ಅಮ್ಮನೋ ಪುಸ್ತಕದ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿ ಹಣ ಕೊಡುತ್ತಾರೆ. ಸಾಲದ ವ್ಯವಹಾರವಾದರೂ ಅದರಲ್ಲಿ ಮೂರು ಕಾವಲುಗಳಿದ್ದವು: ಬರೆಯುವವರು ಗುರುತಿನವರು, ಕೇಳುವ ಮಗುವಿನ ಮುಖ ಅವರಿಗೆ ಕಾಣುತ್ತಿತ್ತು, ಕೊಡುವವರು ಓದಿ ಕೊಡುತ್ತಿದ್ದರು.

ಫೋನ್ ನಂಬರೂ ಇಂಥದೇ ಒಂದು ಲೆಕ್ಕದ ಪುಸ್ತಕ. ಮಾತಿನ ಖರ್ಚು ಬರೆಯಲೆಂದು ಹುಟ್ಟಿದ ಪುಸ್ತಕದಲ್ಲಿ ಹೊರಗಿನ ವ್ಯಾಪಾರಿಗಳೂ ತಮ್ಮ ಬಾಕಿ ಬರೆಯಬಹುದು ಎಂದು ಫೋನ್ ಕಂಪನಿಗಳು ಅನುಮತಿ ಕೊಟ್ಟವು. ಬರೆದದ್ದನ್ನು ವಸೂಲು ಮಾಡಿಕೊಟ್ಟು ತಮ್ಮ ಪಾಲು ಇಟ್ಟುಕೊಂಡವು. ಮೂರು ಕಾವಲುಗಳಲ್ಲಿ ಒಂದೂ ಉಳಿಯಲಿಲ್ಲ. ಮಗುವಿಗಂತೂ ಇದು ಪುಸ್ತಕವೆಂದೇ ಗೊತ್ತಿಲ್ಲ. ಪರ್ಸಿನಿಂದ ಹಣ ತೆಗೆಯುವುದು ಕಳ್ಳತನ ಎಂದು ಐದು ವರ್ಷಕ್ಕೇ ಕಲಿಸಿರುತ್ತಾರೆ. ಹತ್ತು ಅಂಕಿಗಳನ್ನು ಹೇಳುವುದೂ ಹಣ ಕೊಟ್ಟಂತೆ ಎಂದು ಯಾರೂ ಕಲಿಸಿರುವುದಿಲ್ಲ.

ಮಕ್ಕಳ ಮೇಲೆ ಈ ಪುಸ್ತಕದ ಕಣ್ಣು ಬಿದ್ದದ್ದು ಇಂಟರ್ನೆಟ್ಟಿಗಿಂತ ಮೊದಲೇ. 1980ರ ದಶಕದಲ್ಲಿ ಅಮೆರಿಕದಲ್ಲಿ 900ರಿಂದ ಆರಂಭವಾಗುವ ನಂಬರುಗಳಿದ್ದವು. ಕರೆ ಮಾಡಿದರೆ ನಿಮಿಷದ ಲೆಕ್ಕದಲ್ಲಿ ಹೆಚ್ಚಿನ ಶುಲ್ಕ. ಜ್ಯೋತಿಷ್ಯ, ಹರಟೆ, ಪಂದ್ಯದ ಸುದ್ದಿ ಎಲ್ಲವೂ ಅದರಲ್ಲಿ. ಸಾಂಟಾಕ್ಲಾಸ್ ಜೊತೆ ಮಾತಾಡಿ ಎಂದು ಮಕ್ಕಳನ್ನು ಕರೆಯುವ ನಂಬರುಗಳೂ ಬಂದವು. ಒಂದು ಟೀವಿ ಜಾಹೀರಾತಂತೂ ಮಕ್ಕಳಿಗೆ ರಿಸೀವರನ್ನು ಟೀವಿಯ ಮುಂದೆ ಹಿಡಿಯಲು ಹೇಳಿತು. ಟೀವಿಯಿಂದ ಹೊರಟ ಸದ್ದೇ ಡಯಲು ಮಾಡಿಬಿಡುತ್ತಿತ್ತು! ಅಂಕಿ ಓದಲು ಬಾರದ ಮಗುವೂ ಗಿರಾಕಿಯಾಯಿತು. ಬಿಲ್ಲು ಕಂಡ ತಂದೆತಾಯಿಯರ ಕೂಗು ಕಡೆಗೆ ವಾಷಿಂಗ್ಟನ್ನಿಗೆ ಮುಟ್ಟಿ 1992ರಲ್ಲಿ ಕಾನೂನು ಬಂತು. ಮರುವರ್ಷ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್, ಎಂದರೆ ವ್ಯಾಪಾರ ಆಯೋಗ, ನಿಯಮ ಮಾಡಿತು. ಶುಲ್ಕವೆಷ್ಟೆಂದು ಮೊದಲೇ ಹೇಳಬೇಕು. ಕೇಳಿಸಿಕೊಂಡು ಫೋನು ಇಟ್ಟವರಿಂದ ಹಣ ತೆಗೆದುಕೊಳ್ಳಬಾರದು. 12 ವರ್ಷದೊಳಗಿನವರನ್ನು ಗುರಿಯಾಗಿಸಿ ಇಂಥ ಸೇವೆ ಮಾರಬಾರದು.

ಅದೇ ಕಾಲದಲ್ಲಿ ಇಲ್ಲಿನ ಮನೆಗಳಲ್ಲಿ ಎಸ್‌ಟಿಡಿ ಬಿಲ್ಲಿಗೆ ಹೆದರಿ ಫೋನಿನ ಡಯಲಿಗೆ ಪುಟ್ಟ ಬೀಗ ಹಾಕುತ್ತಿದ್ದರು. ಕೀಲಿ ಅಪ್ಪನ ಜೇಬಿನಲ್ಲಿ. ಈಗ ನಗು ಬರಬಹುದು. ಆದರೆ ಆ ಬೀಗಕ್ಕೆ ಒಂದು ಗುಣವಿತ್ತು: ಫೋನು ಹಣ ಖರ್ಚು ಮಾಡುವ ವಸ್ತು ಎಂಬುದು ಮನೆಯ ಚಿಕ್ಕ ಮಗುವಿಗೂ ಅದನ್ನು ನೋಡಿದೊಡನೆ ತಿಳಿಯುತ್ತಿತ್ತು. ಮೊಬೈಲಿನಲ್ಲಿ ಅದು ತಿಳಿಯುವುದಿಲ್ಲ.

ಎಷ್ಟು ತಿಳಿಯುವುದಿಲ್ಲ ಎಂಬುದಕ್ಕೆ 2013ರ ಒಂದು ಪ್ರಕರಣ ನೋಡಬೇಕು. ಜಾಮ್‌ಸ್ಟರ್ ಎಂಬ ಹೆಸರಿನಲ್ಲಿ ರಿಂಗ್‌ಟೋನು ಮಾರುತ್ತಿದ್ದ ಜೆಸ್ಟಾ ಡಿಜಿಟಲ್ ಕಂಪನಿಯ ಮೇಲೆ ಅಮೆರಿಕದ ವ್ಯಾಪಾರ ಆಯೋಗ ಆರೋಪ ಹೊರಿಸಿತು. ‘ಆಂಗ್ರಿ ಬರ್ಡ್ಸ್’ ಆಟದ ಉಚಿತ ಆವೃತ್ತಿ ಆಡುತ್ತಿರುವಾಗ ಪರದೆಯಲ್ಲಿ ಎಚ್ಚರಿಕೆಯೊಂದು ಕಾಣಿಸುತ್ತಿತ್ತು. ನಿಮ್ಮ ಫೋನಿಗೆ ವೈರಸ್ ತಗುಲಿದೆ ಎಂಬ ಅರ್ಥದ ಮಾತು, ಜೊತೆಗೆ ಆಂಡ್ರಾಯ್ಡಿನ ಹಸಿರು ಬೊಂಬೆಯನ್ನು ಹೋಲುವ ಚಿತ್ರ. ಗಾಬರಿಯಿಂದ ಒತ್ತಿದವರು ಒಂದೆರಡು ಪುಟ ದಾಟುವಷ್ಟರಲ್ಲಿ ತಿಂಗಳಿಗೆ 9.99 ಡಾಲರಿನ ಚಂದಾದಾರರು. ಇಲ್ಲಿ ನಂಬರನ್ನೂ ಬರೆಯಬೇಕಾಗಿರಲಿಲ್ಲ! ಮೊಬೈಲಿನ ಇಂಟರ್ನೆಟ್ ಸಂಪರ್ಕದ ಮೂಲಕವೇ ನಂಬರು ತಿಳಿದುಕೊಂಡು ಬಿಲ್ಲು ಬರೆಯುವ ಏರ್ಪಾಡು ಅದು. ವೈರಸ್ ತೆಗೆಯುವ ತಂತ್ರಾಂಶವೂ ಬಹಳ ಮಂದಿಗೆ ಸಿಗಲಿಲ್ಲ. ಕಂಪನಿಯೊಳಗಿನ ಪತ್ರವ್ಯವಹಾರದಲ್ಲೇ ತಮ್ಮ ವ್ಯಾಪಾರವನ್ನು ಮೋಸವೆಂದು ಕರೆದುಕೊಂಡದ್ದು ಆಯೋಗದ ಕಡತದಲ್ಲಿದೆ. ಕೊನೆಗೆ 12 ಲಕ್ಷ ಡಾಲರ್ ಕೊಟ್ಟು ಕಂಪನಿ ರಾಜಿಯಾಯಿತು.

ಆಟದ ಮಧ್ಯೆ ‘ಫೋನು ಕೆಟ್ಟಿದೆ’ ಎಂಬ ಮಾತು ಕಂಡ ಮಗುವಿನ ಮನಸ್ಸು ಹೇಗಿದ್ದೀತು? ಅಪ್ಪನ ಫೋನು, ಕೇಳದೆ ತೆಗೆದುಕೊಂಡದ್ದು, ತನ್ನ ಕೈಯಲ್ಲೇ ಕೆಟ್ಟಿತು. ಸರಿಮಾಡಲು ಒಂದು ಗುಂಡಿ ಅಲ್ಲೇ ಇದೆ. ಅದು ಒತ್ತಿದ್ದು ಆಸೆಯಿಂದಲ್ಲ, ಜವಾಬ್ದಾರಿಯಿಂದ. ‘ಆಸೆಬುರುಕ ಮಕ್ಕಳು’ ಎಂದು ಬಯ್ಯುವವರು ಇಲ್ಲಿ ಸ್ವಲ್ಪ ತಡೆಯಬೇಕು.

ಇನ್ನೂ ತಡೆಯಬೇಕಾದ ಸಂಗತಿ ಮುಂದಿದೆ. 2014ರ ಜುಲೈನಲ್ಲಿ ಆಯೋಗವು ಫೋನ್ ಕಂಪನಿಯ ಮೇಲೆಯೇ ಮೊಕದ್ದಮೆ ಹೂಡಿತು. ಟಿ-ಮೊಬೈಲ್ ಎಂಬ ಆ ದೊಡ್ಡ ಕಂಪನಿ ಹೊರಗಿನವರು ಬರೆದ ಬಾಕಿಯಲ್ಲಿ ನೂರಕ್ಕೆ 35ರಿಂದ 40ರಷ್ಟನ್ನು ತಾನು ಇಟ್ಟುಕೊಳ್ಳುತ್ತಿತ್ತು ಎಂಬುದು ಆರೋಪ. ಕೆಲವು ಸೇವೆಗಳ ವಿಷಯದಲ್ಲಿ ಒಂದೇ ತಿಂಗಳಲ್ಲಿ ನೂರಕ್ಕೆ 40ರಷ್ಟು ಗಿರಾಕಿಗಳು ಹಣ ವಾಪಸು ಕೇಳಿ ಪಡೆದಿದ್ದರು. ನೂರು ಜನಕ್ಕೆ ಬಡಿಸಿದ ಊಟದಲ್ಲಿ ನಲವತ್ತು ಎಲೆ ವಾಪಸು ಬಂದರೆ ಅಡಿಗೆಯವನಿಗೆ ಸಂಶಯ ಬರಬೇಡವೆ? ಬಿಲ್ಲು ಕೆಲವೊಮ್ಮೆ 50 ಪುಟ ಮೀರುತ್ತಿತ್ತು; ಈ ಬಾಕಿ ಅದರೊಳಗೆಲ್ಲೋ ಹುದುಗಿರುತ್ತಿತ್ತು. ಮುಂಗಡ ಹಣ ತುಂಬುವವರಿಗಂತೂ ಬಿಲ್ಲೇ ಇಲ್ಲ. ಬ್ಯಾಲೆನ್ಸು ತಾನಾಗಿ ಕರಗುತ್ತಿತ್ತು. ಎಟಿ ಅಂಡ್ ಟಿ ಕಂಪನಿಗೆ 2011ರ ಒಂದೇ ವರ್ಷದಲ್ಲಿ ಇಂಥ ಬಾಕಿಯ ಬಗ್ಗೆ 13 ಲಕ್ಷಕ್ಕೂ ಹೆಚ್ಚು ಕರೆಗಳು ಬಂದಿದ್ದವು.

ಕೊಂಡವರಿಗೆ ಸಿಕ್ಕಿದ್ದೇನು? ದಿನಭವಿಷ್ಯ, ಸಿನಿಮಾ ತಾರೆಯರ ಗಾಳಿಸುದ್ದಿ, ‘ನಿಮಗಿದು ಗೊತ್ತೆ?’ ಬಗೆಯ ಒಂದು ಸಾಲಿನ ಸಂದೇಶ. ಬಹಳ ಮಂದಿ ಅದನ್ನು ಬೇಡದ ಜಾಹೀರಾತೆಂದು ಅಳಿಸಿಹಾಕಿದರು. ಅನೇಕರು ಯಾವ ಗುಂಡಿಯನ್ನೂ ಒತ್ತಿರಲಿಲ್ಲ, ಯಾವ ಪಿನ್ನನ್ನೂ ತುಂಬಿರಲಿಲ್ಲ ಎಂಬುದೇ ಈ ಪ್ರಕರಣಗಳ ತಿರುಳು. 2014 ಮತ್ತು 2015ರಲ್ಲಿ ನಾಲ್ಕು ದೊಡ್ಡ ಕಂಪನಿಗಳು ರಾಜಿಗೆ ಬಂದವು: ಎಟಿ ಅಂಡ್ ಟಿ 10.5 ಕೋಟಿ ಡಾಲರ್, ಟಿ-ಮೊಬೈಲ್ ಕನಿಷ್ಠ 9 ಕೋಟಿ, ವೆರಿಝೋನ್ 9 ಕೋಟಿ, ಸ್ಪ್ರಿಂಟ್ 6.8 ಕೋಟಿ. 2016ರ ಡಿಸೆಂಬರಿನಲ್ಲಿ ಎಟಿ ಅಂಡ್ ಟಿಯ 27 ಲಕ್ಷಕ್ಕೂ ಹೆಚ್ಚು ಗಿರಾಕಿಗಳಿಗೆ ಹಣ ಹಿಂದಿರುಗಿತು. ಸರಾಸರಿ ತಲಾ 31 ಡಾಲರ್. ಎಂದರೆ ಮೂರು ತಿಂಗಳ ದಿನಭವಿಷ್ಯದ ಬೆಲೆ.

ನ್ಯಾಯಕ್ಕಾಗಿ ಇನ್ನೊಂದು ಮಾತು ಹೇಳಬೇಕು. ಇದೇ ದಾರಿಯಲ್ಲಿ ಒಳ್ಳೆಯದೂ ನಡೆದಿದೆ. 2010ರಲ್ಲಿ ಹೈಟಿ ದೇಶದಲ್ಲಿ ಭೂಕಂಪವಾದಾಗ 90999 ಸಂಖ್ಯೆಗೆ ಒಂದು ಸಂದೇಶ ಕಳಿಸಿದರೆ ಫೋನ್ ಬಿಲ್ಲಿಗೆ 10 ಡಾಲರ್ ಸೇರಿ ರೆಡ್ ಕ್ರಾಸಿಗೆ ಹೋಗುತ್ತಿತ್ತು. 3 ಕೋಟಿ ಡಾಲರಿಗೂ ಮೀರಿ ಸಂಗ್ರಹವಾಯಿತು. ಆದ್ದರಿಂದಲೇ 2013ರ ನವೆಂಬರಿನಲ್ಲಿ ಅಲ್ಲಿನ ಕಂಪನಿಗಳು ವ್ಯಾಪಾರಿ ಸಂದೇಶಗಳ ಬಾಕಿ ಬರೆಯುವುದನ್ನು ನಿಲ್ಲಿಸಿದಾಗಲೂ ದಾನದ ಬಾಗಿಲನ್ನು ತೆರೆದೇ ಇಟ್ಟವು.

ಭಾರತದಲ್ಲಿ ಈ ಕಥೆ ನಡೆದದ್ದು ಚಿಲ್ಲರೆ ಮೊತ್ತದಲ್ಲಿ. ಇಲ್ಲಿ ಬಹುಪಾಲು ಜನರದ್ದು ಮುಂಗಡ ಹಣ ತುಂಬುವ ಸಿಮ್ಮು. ಕಾಲರ್ ಟ್ಯೂನು, ಕ್ರಿಕೆಟ್ ಸ್ಕೋರು, ಜೋಕು, ದಿನಭವಿಷ್ಯ ಇತ್ಯಾದಿ ‘ಮೌಲ್ಯವರ್ಧಿತ ಸೇವೆ’ಗಳ ಹೆಸರಿನಲ್ಲಿ ಬ್ಯಾಲೆನ್ಸಿನಿಂದ ಹತ್ತು, ಇಪ್ಪತ್ತು, ಮೂವತ್ತು ರೂಪಾಯಿ ಹೋಗುತ್ತಿತ್ತು. ಹಳ್ಳಿಯಲ್ಲಿದ್ದ ಅಜ್ಜಿಗೆ ಕಂಪನಿಯ ಕರೆ ಬರುತ್ತದೆ. ‘ಹಾಡು ಬೇಕಾದರೆ ಒಂದು ಒತ್ತಿ’ ಎನ್ನುತ್ತದೆ. ಪಕ್ಕದಲ್ಲಿದ್ದ ಮೊಮ್ಮಗ ಒತ್ತುತ್ತಾನೆ. ಮರುದಿನ ಮಗಳಿಗೆ ಫೋನು ಮಾಡಲು ಹೋದರೆ ಬ್ಯಾಲೆನ್ಸ್ ಇಲ್ಲ. ಮೂವತ್ತು ರೂಪಾಯಿಗಾಗಿ ಯಾರು ದೂರು ಕೊಡುತ್ತಾರೆ? ಇಂಥ ವ್ಯಾಪಾರವೆಲ್ಲ ನಿಂತಿರುವುದೇ ಆ ಪ್ರಶ್ನೆಯ ಮೇಲೆ.

ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2011ರ ಜುಲೈನಲ್ಲಿ ಈ ಬಗ್ಗೆ ನಿರ್ದೇಶನ ಹೊರಡಿಸಿತು. 2013ರ ಜುಲೈ 10ರಂದು ಅದನ್ನು ಇನ್ನಷ್ಟು ಬಿಗಿ ಮಾಡಿತು. ಗಿರಾಕಿ ಎರಡು ಬಾರಿ ಒಪ್ಪಬೇಕು. ಎರಡನೆಯ ಒಪ್ಪಿಗೆಯನ್ನು ಪಡೆಯುವ ಏರ್ಪಾಡು ಸೇವೆ ಮಾರುವವನ ಕೈಯಲ್ಲಿರಬಾರದು. ಎಲ್ಲ ಕಂಪನಿಗಳಿಗೂ ಸೇರಿ ಒಂದೇ ಉಚಿತ ಸಂಖ್ಯೆ ಇರಬೇಕು. ಆ ಸಂಖ್ಯೆ 155223. ಈ ನಂಬರಿಗೆ ಕರೆ ಮಾಡಿ ಅಥವಾ ‘ಸ್ಟಾಪ್’ ಎಂದು ಇಂಗ್ಲಿಷಿನಲ್ಲಿ ಸಂದೇಶ ಕಳಿಸಿ ತಮ್ಮ ಸಿಮ್ಮಿಗೆ ಅಂಟಿಕೊಂಡ ಸೇವೆಯನ್ನು ಬಿಡಿಸಿಕೊಳ್ಳಬಹುದು. ಈ ನಿಯಮದಿಂದ ಹಾವಳಿ ತಗ್ಗಿತು ಎನ್ನುವುದು ಸರಿ. ಆದರೂ ಊರಿನಲ್ಲಿ ಹಳೆಯ ಗುಂಡಿಯ ಫೋನು ಇಟ್ಟುಕೊಂಡ ಹಿರಿಯರಿದ್ದರೆ ರಜೆಗೆ ಹೋದ ಮೊಮ್ಮಕ್ಕಳು ಒಮ್ಮೆ ಅದನ್ನು ಪರೀಕ್ಷಿಸಿ ಕೊಡುವುದು ಒಳ್ಳೆಯದು. ಅಜ್ಜಿಯ ಫೋನಿನಲ್ಲಿ ಯಾವ ಹಾಡು ಕೇಳುತ್ತಿದೆ ಎಂಬುದು ಅಜ್ಜಿಗೆ ಗೊತ್ತಿರುವುದಿಲ್ಲ. ಕೇಳುವುದು ಕರೆ ಮಾಡಿದವರಿಗೆ ತಾನೆ?

ಈಗ ಲೆಕ್ಕದ ಪುಸ್ತಕವೇ ಬದಲಾಗಿದೆ. 2020ರಲ್ಲಿ ಕೊರೊನಾ ಕಾಲದ ಆನ್‌ಲೈನ್ ಪಾಠಕ್ಕೆಂದು ಮಕ್ಕಳ ಕೈಗೆ ಬಂದ ಫೋನು ಸಾಮಾನ್ಯವಾಗಿ ಅಪ್ಪನದೋ ಅಮ್ಮನದೋ. ಬ್ಯಾಂಕಿನ ಖಾತೆಗೆ ಜೋಡಿಸಿರುವುದೂ ಅದೇ ನಂಬರು. ಒಟಿಪಿ ಬಂದು ಬೀಳುವುದು ಆಟದ ಪರದೆಯ ಮೇಲ್ತುದಿಯಲ್ಲೇ. ಪ್ರಶ್ನೆಗಳ ಪರೀಕ್ಷೆಯೂ ಬದಲಾಗಿಲ್ಲ. ನೀವು ಹಿಂದಿನ ಜನ್ಮದಲ್ಲಿ ಯಾರಾಗಿದ್ದಿರಿ, ಮುದುಕರಾದಾಗ ಹೇಗೆ ಕಾಣುತ್ತೀರಿ, ನಿಮ್ಮ ಚಿತ್ರವನ್ನು ಗುಟ್ಟಾಗಿ ಯಾರು ನೋಡುತ್ತಾರೆ ಎಂಬ ವೇಷದಲ್ಲಿ ಇನ್‌ಸ್ಟಾಗ್ರಾಂ, ಫೇಸ್‌ಬುಕ್ಕುಗಳಲ್ಲಿ ಬರುತ್ತದೆ. ‘ಮೂರು ದಿನ ಉಚಿತ’ ಎನ್ನುತ್ತದೆ, ಅಥವಾ ‘ಒಂದು ರೂಪಾಯಿ ಮಾತ್ರ’ ಎನ್ನುತ್ತದೆ. ಒಂದು ರೂಪಾಯಿಯನ್ನು ನಂಬುವುದು ಸುಲಭ.

ಇಲ್ಲಿ ದೊಡ್ಡವರೂ ತಿಳಿಯದ ಒಂದು ವಿಚಾರವಿದೆ. ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್ 1ರಿಂದ ಪೂರ್ತಿಯಾಗಿ ಜಾರಿಗೆ ಬಂದ ಮೇಲೆ ಕಾರ್ಡಿನಿಂದ ಮತ್ತೆ ಮತ್ತೆ ಹಣ ಕಡಿತವಾಗುವ ಚಂದಾಕ್ಕೆ ಮೊದಲ ಸಲ ಒಟಿಪಿ ಕಡ್ಡಾಯ. ಪ್ರತಿ ಕಡಿತಕ್ಕೂ 24 ಗಂಟೆ ಮೊದಲು ಸೂಚನೆ ಬರಬೇಕು. ಬೇಡವಾದರೆ ತಡೆಯಲು ಅವಕಾಶವಿರಬೇಕು. ಒಳ್ಳೆಯ ನಿಯಮವೇ. ಆದರೆ ಆ ಮೊದಲ ಒಟಿಪಿ ಕೊಟ್ಟ ಮೇಲೆ 5,000 ರೂಪಾಯಿಯವರೆಗಿನ ಮುಂದಿನ ಕಂತುಗಳಿಗೆ ಮತ್ತೆ ಒಟಿಪಿ ಕೇಳಬೇಕಾಗಿರಲಿಲ್ಲ. 2022ರ ಜೂನ್‌ನಲ್ಲಿ ಆ ಮಿತಿ 15,000ಕ್ಕೆ ಏರಿತು. ಎಂದರೆ ಮಗು ಒಂದು ರೂಪಾಯಿಗೆಂದು ತುಂಬಿದ ಆರು ಅಂಕಿ ಮುಂದಿನ ತಿಂಗಳುಗಳಿಗೂ ಸಹಿಯಾಗಬಲ್ಲದು. ಯುಪಿಐಯಲ್ಲಿ ‘ಆಟೋಪೇ’ ಎಂಬುದೂ ಇದೇ ಜಾತಿಯದು. 2009ರ ಆ ಪಿನ್ನಿಗೂ ಇಂದಿನ ಒಟಿಪಿಗೂ ಮಗುವಿನ ಕಣ್ಣಿನಲ್ಲಿ ಏನೂ ವ್ಯತ್ಯಾಸವಿಲ್ಲ: ಆಟ ಮುಂದುವರಿಯಲು ತುಂಬಬೇಕಾದ ಖಾಲಿ ಜಾಗ, ಅಷ್ಟೆ. ಕಡಿತದ ಮುನ್ಸೂಚನೆ ಬರುವುದೂ ಅದೇ ಫೋನಿಗೆ. ಕಂಡರೆ ಬಯ್ಯುತ್ತಾರೆಂದು ಹೆದರಿದ ಮಗು ಅದನ್ನು ಅಳಿಸಿಬಿಡಬಹುದು.

ಸರ್ಕಾರ ಸುಮ್ಮನಿಲ್ಲ. ಮಕ್ಕಳ ಆನ್‌ಲೈನ್ ಆಟದ ಬಗ್ಗೆ ಕೇಂದ್ರ ಶಿಕ್ಷಣ ಸಚಿವಾಲಯ 2021ರ ಡಿಸೆಂಬರಿನಲ್ಲಿ ಪಾಲಕರಿಗೂ ಶಿಕ್ಷಕರಿಗೂ ಸಲಹೆ ನೀಡಿತು. ಪಾಲಕರ ಒಪ್ಪಿಗೆಯಿಲ್ಲದೆ ಆಟದೊಳಗಿನ ಖರೀದಿ ಬೇಡ, ಆ್ಯಪುಗಳಲ್ಲಿ ಕಾರ್ಡಿನ ವಿವರ ಉಳಿಸಬೇಡಿ ಎಂದಿತು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಗಿರಾಕಿಯ ಕಣ್ಣು ಕಟ್ಟುವ 13 ಬಗೆಯ ತಂತ್ರಗಳನ್ನು ಪಟ್ಟಿ ಮಾಡಿ ನಿಷೇಧಿಸಿತು. ಸೇರುವುದು ಸುಲಭ, ಬಿಡುವುದು ಕಷ್ಟ ಎಂಬಂತೆ ಹೆಣೆದ ‘ಚಂದಾ ಬಲೆ’ ಅವುಗಳಲ್ಲೊಂದು. ಪಟ್ಟಿ ಓದಿದವರು ಕಡಿಮೆ, ಬಲೆಗೆ ಬಿದ್ದವರು ಹೆಚ್ಚು.

ಮನೆಯಲ್ಲಿ ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಆ್ಯಪು ಕೊಳ್ಳುವ ಅಂಗಡಿಯ ಸೆಟ್ಟಿಂಗಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡುವುದು, ಅಲ್ಲೇ ‘ಚಂದಾ’ ಎಂಬ ಪುಟವನ್ನು ತಿಂಗಳಿಗೊಮ್ಮೆ ತೆರೆಯುವುದು, ಯುಪಿಐ ಆ್ಯಪಿನಲ್ಲಿ ಆಟೋಪೇ ಪಟ್ಟಿ ನೋಡುವುದು, ಲಾಕ್ ಆದ ಪರದೆಯ ಮೇಲೆ ಒಟಿಪಿ ಕಾಣದಂತೆ ಮುಚ್ಚುವುದು. ಮಗುವಿಗೆ ಕೊಡುವ ಫೋನಿನ ಸಿಮ್ಮು ಬ್ಯಾಂಕಿಗೆ ಜೋಡಿಸದ್ದಾಗಿದ್ದರೆ ಅರ್ಧ ಭಯ ಅಲ್ಲಿಗೇ ಕಳೆಯಿತು. ಇವೆಲ್ಲ ಅರ್ಧ ಗಂಟೆಯ ಕೆಲಸ. ಹೆಚ್ಚಿನ ಮನೆಗಳಲ್ಲಿ ಇದನ್ನು ಮಾಡಲು ಮಗುವಿನ ಸಹಾಯವೇ ಬೇಕಾಗುತ್ತದೆ ಎಂಬುದು ತಮಾಷೆಯಾದರೂ ನಿಜ.

ಕಷ್ಟವಿರುವುದು ಇನ್ನೊಂದು ಕಡೆ. ಹಣ ಹೋದದ್ದು ತಿಳಿದ ದಿನ ಮನೆಯಲ್ಲಿ ಮೊದಲು ಹೊರಡುವ ಮಾತು ಯಾವುದು? ‘ಏನು ಒತ್ತಿದೆ, ನಿಜ ಹೇಳು’ ಎಂಬುದು. ‘ಏನೂ ಒತ್ತಿಲ್ಲಪ್ಪಾ’ ಎಂಬ ಉತ್ತರ ಸುಳ್ಳೇ ಎಂದು ಆಗಲೇ ತೀರ್ಮಾನವಾಗಿರುತ್ತದೆ. ಅಮೆರಿಕದ ಮೊಕದ್ದಮೆಗಳನ್ನು ಇಷ್ಟು ವಿವರವಾಗಿ ಹೇಳಿದ್ದು ಇದಕ್ಕಾಗಿಯೇ. ಆ ಮಾತು ಅಕ್ಷರಶಃ ನಿಜವಾಗಿರುವ ಸಾಧ್ಯತೆ ಇದೆ. ನಿಜವಲ್ಲದಿದ್ದರೂ, ಒತ್ತಿದ್ದು ಹಣದ ಗುಂಡಿ ಎಂದು ಅದಕ್ಕೆ ತಿಳಿದಿರಲಿಲ್ಲ ಎಂಬುದಾದರೂ ನಿಜವಾಗಿರುತ್ತದೆ. ಒಂದು ಸಲ ಪೆಟ್ಟು ತಿಂದ ಮಗು ಎರಡನೆಯ ಸಲ ಹೇಳುವುದಿಲ್ಲ. 199 ರೂಪಾಯಿಯ ಚಂದಾ ಆರು ತಿಂಗಳು ಹರಿದರೆ 1,194 ರೂಪಾಯಿ. ಮೊದಲ ದಿನವೇ ಹೇಳಿದ್ದರೆ 199. ಮೋಸಗಾರನಿಗೆ ಬೇಕಾಗಿರುವುದು ಈ ಮೌನವೇ.

ವಿದ್ಯಾರ್ಥಿಗಳಿಗೂ ಒಂದು ಮಾತು. ಯಾವುದೇ ಆಟ, ಪರೀಕ್ಷೆ, ಬಹುಮಾನ ನಿಮ್ಮ ಫೋನ್ ನಂಬರು ಕೇಳಿದರೆ ಅದು ಹಣ ಕೇಳುತ್ತಿದೆ ಎಂದೇ ಓದಿಕೊಳ್ಳಿ. ಬಂದ ಸಂದೇಶವನ್ನು ಅಳಿಸಬೇಡಿ, ಅದೇ ಸಾಕ್ಷಿ. ಪರದೆಯ ಚಿತ್ರ ತೆಗೆದಿಟ್ಟು ಅಂದೇ ಮನೆಯಲ್ಲಿ ತೋರಿಸಿ.

ಮುಂದಿನದು ದೊಡ್ಡವರ ಕೆಲಸ. ಸಿಮ್ಮಿನ ಹಣವಾದರೆ 155223ಕ್ಕೆ ಹೇಳಿ ಸೇವೆ ನಿಲ್ಲಿಸಿ, ಕಂಪನಿಯ ದೂರು ಕೇಂದ್ರಕ್ಕೆ ಕರೆ ಮಾಡಿ ದೂರು ದಾಖಲಿಸಬೇಕು. ಅವರು ಕೊಡುವ ಡಾಕೆಟ್ ಸಂಖ್ಯೆ ಕೇಳಿ ಪಡೆಯಬೇಕು. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು. ಆ್ಯಪಿನ ಖರೀದಿಯಾದರೆ ಆ್ಯಪು ಅಂಗಡಿಯಲ್ಲೇ ಮರುಪಾವತಿ ಕೇಳುವ ಅರ್ಜಿ ಇದೆ. ತಡಮಾಡಿದಷ್ಟೂ ಆಸೆ ಕಡಿಮೆ. ಗ್ರಾಹಕ ಸಹಾಯವಾಣಿ 1915. ಬ್ಯಾಂಕಿನಿಂದ ಮೋಸದಲ್ಲಿ ಹಣ ಹೋಗಿದ್ದರೆ ಕೂಡಲೇ 1930. ಕರೆ ಮಾಡುವಾಗ ಮಗುವನ್ನು ಪಕ್ಕದಲ್ಲೇ ಕೂರಿಸಿಕೊಳ್ಳಿ. ತಾರೀಕು, ಸಮಯ, ಸೇವೆಯ ಹೆಸರು, ಡಾಕೆಟ್ ಸಂಖ್ಯೆ ಬರೆದುಕೊಳ್ಳುವ ಕೆಲಸವನ್ನು ಅದಕ್ಕೇ ಕೊಡಬಹುದು. ಹೇಗೂ ಮನೆಯಲ್ಲಿ ಓದಲು ಬರುವಂಥ ಅಕ್ಷರ ಇರುವುದು ಅದರದೇ.